ಅಳಿಯಕಟ್ಟಿನ ಊರಿಗೆ ಬಂದ ಡ್ರ್ಯಾಗನ್

‘ಹೌಸ್ ಆಫ್ ದ ಡ್ರ್ಯಾಗನ್’ ಸರಣಿಯ ಮೊದಲ ಕಂತಿನಲ್ಲಿ ಮೈ ನಡುಗಿಸುವುದು ಬೆಂಕಿ ಉಗುಳುವ ಡ್ರ್ಯಾಗನ್ ಅಲ್ಲ, ಹೆರಿಗೆ ಕೋಣೆ. ರಾಣಿ ಏಮಾ ನೋವು ತಿನ್ನುತ್ತಿದ್ದಾಳೆ, ಮಗು ತಿರುಗಿ ನಿಂತಿದೆ. ಹೊಟ್ಟೆ ಕೊಯ್ದರೆ ಮಗುವಾದರೂ ಸಿಕ್ಕೀತು, ತಾಯಿ ಮಾತ್ರ ಉಳಿಯುವುದಿಲ್ಲ ಎಂದು ವೈದ್ಯ ದೊರೆ ವಿಸೆರಿಸ್‌ನನ್ನು ಬದಿಗೆ ಕರೆದು ಹೇಳುತ್ತಾನೆ. ದೊರೆ ಒಪ್ಪುತ್ತಾನೆ. ಏಮಾಳನ್ನು ಯಾರೂ ಒಂದು ಮಾತು ಕೇಳುವುದಿಲ್ಲ. ಗಂಡ ಕೈ ಹಿಡಿದುಕೊಂಡು ಸಮಾಧಾನ ಹೇಳುತ್ತಿರುವಾಗಲೇ ಸುತ್ತ ನಿಂತವರು ಅವಳನ್ನು ಹಾಸಿಗೆಗೆ ಒತ್ತಿ ಹಿಡಿಯುತ್ತಾರೆ. ಆಗ ಅವಳ ಮುಖದಲ್ಲಿ ಕಾಣುವುದು ನೋವಿಗಿಂತ ಮೊದಲು ಅನುಮಾನ. ಅದೇ ಹೊತ್ತಿಗೆ ಹೊರಗೆ, ಹುಟ್ಟಲಿರುವ ಗಂಡುಮಗುವಿನ ಹೆಸರಿನಲ್ಲಿ ಕುದುರೆ ಸವಾರರ ಪಂದ್ಯ ನಡೆದಿದೆ, ಅಲ್ಲಿಯೂ ತಲೆ ಒಡೆಯುತ್ತಿದೆ. ನಿರ್ದೇಶಕ ಮಿಗೆಲ್ ಸಪೋಚ್ನಿಕ್ ಎರಡನ್ನೂ ಒಂದರೊಳಗೊಂದು ಹೆಣೆದಿದ್ದಾರೆ. ಹೆಣಿಗೆ ಸ್ವಲ್ಪ ಜಾಣತನದ್ದು ಅನ್ನಿಸಿದರೂ ಪರಿಣಾಮ ಸುಳ್ಳಲ್ಲ.

ಜಾರ್ಜ್ ಆರ್. ಆರ್. ಮಾರ್ಟಿನ್ 2018ರಲ್ಲಿ ಬರೆದ ‘ಫೈರ್ ಆಂಡ್ ಬ್ಲಡ್’ ಪುಸ್ತಕದಿಂದ ಹುಟ್ಟಿದ ಸರಣಿ ಇದು. 2011ರಿಂದ 2019ರವರೆಗೆ ಓಡಿದ ‘ಗೇಮ್ ಆಫ್ ಥ್ರೋನ್ಸ್’ಗೆ ಹಿಂದಿನ ಕತೆ. 2022ರ ಆಗಸ್ಟಿನಲ್ಲಿ ಬಂದದ್ದನ್ನು ನಾನು ತಡವಾಗಿ, ಇಲ್ಲೇ ಬಂಟ್ವಾಳದಲ್ಲಿ, ಕರೆಂಟು ಹೋಗಿ ಬರುವ ಮಳೆಗಾಲದಲ್ಲಿ ನೋಡಿದೆ. ಕತೆಯ ತಿರುಳು ಚಿಕ್ಕದು. ವಿಸೆರಿಸ್‌ಗಿಂತ ಹಿಂದಿನ ಮುದಿ ದೊರೆಯ ಸಂತಾನದಲ್ಲಿ ಹಿರಿಯಳು ರೆನಿಸ್. ಆದರೆ ಹಿರಿಯ ಗಂಡು ಎಂಬ ಕಾರಣಕ್ಕೆ ಪಟ್ಟ ವಿಸೆರಿಸ್‌ಗೆ ಹೋಯಿತು. ಈಗ ಅದೇ ವಿಸೆರಿಸ್ ಹೆಂಡತಿಯನ್ನೂ ಗಂಡುಮಗುವನ್ನೂ ಕಳೆದುಕೊಂಡು ಮಗಳು ರೆನೀರಾಳನ್ನೇ ಉತ್ತರಾಧಿಕಾರಿ ಎಂದು ಸಾರುತ್ತಾನೆ. ಹೆಣ್ಣು ಗದ್ದುಗೆಗೆ ಬಂದರೆ ಲೋಕ ಹೊತ್ತಿ ಉರಿಯುತ್ತದೆ ಎಂಬುದು ಮುಂದಿನ ಕಂತುಗಳಿಗೆ ಇಟ್ಟ ಮುಂಗಡ.

ನಮ್ಮ ಕಡೆಯವರಿಗೆ ಈ ಪ್ರಶ್ನೆ ತೀರಾ ಹೊರಗಿನದಲ್ಲ. ಮೂಡುಬಿದಿರೆಯ ಚೌಟರು, ಬೆಳ್ತಂಗಡಿ ತಾಲೂಕಿನ ವೇಣೂರಿನ ಅಜಿಲರು, ಅದೇ ತಾಲೂಕಿನ ಬಂಗಾಡಿ ಮತ್ತು ಬಂಟ್ವಾಳದ ನಂದಾವರದ ಬಂಗರು, ಈ ಜೈನ ಅರಸು ಮನೆತನಗಳೆಲ್ಲ ಅಳಿಯಸಂತಾನದವು. ಪಟ್ಟ ಮಗನಿಗಲ್ಲ, ಅಕ್ಕತಂಗಿಯರ ಹೊಟ್ಟೆಯಲ್ಲಿ ಹುಟ್ಟಿದವರಿಗೆ. ಉಳ್ಳಾಲದ ಅಬ್ಬಕ್ಕ ಗದ್ದುಗೆ ಏರಿದ್ದು ಮಾವ ತಿರುಮಲರಾಯ ಚೌಟನಿಂದ. ಆಕೆಯ ಗಂಡ ಬಂಗರಸ ಗಂಡನಷ್ಟೇ. ಅವಳ ರಾಜ್ಯದಲ್ಲಿ ಅವನಿಗೆ ಪಾಲಿಲ್ಲ. ಅಂಥ ಸೀಮೆಯಲ್ಲಿ ಕೂತು ನೋಡಿದರೆ, ದೊರೆಗೆ ಗಂಡುಮಗುವಿಲ್ಲ ಎಂದು ಇಡೀ ದರ್ಬಾರು ಬೆವರುವುದು ಮೊದಲಿಗೆ ನಗು ತರಿಸುತ್ತದೆ.

ಆದರೆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಳಿಯಕಟ್ಟು ಹುಟ್ಟಿದ ಬಗೆಗೆ ತುಳುನಾಡು ಹೇಳುವ ಕತೆಯೇ ಒಂದು ಕಗ್ಗತ್ತಲ ಕತೆ. ದೇವಪಾಂಡ್ಯ ಹೊಸ ಹಡಗುಗಳನ್ನು ಕಡಲಿಗೆ ಇಳಿಸಬೇಕು, ಕುಂಡೋದರ ಭೂತ ನರಬಲಿ ಕೇಳುತ್ತದೆ. ಮಕ್ಕಳಲ್ಲಿ ಒಬ್ಬನನ್ನೂ ಕೊಡುವುದಿಲ್ಲ ಎಂದು ಹೆಂಡತಿ ಹಟ ಹಿಡಿದಾಗ ತಂಗಿ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನು ಮುಂದೆ ನಿಲ್ಲಿಸುತ್ತಾಳೆ. ಭೂತ ಮೆಚ್ಚಿ ಹುಡುಗನನ್ನು ಉಳಿಸುತ್ತದೆ, ಅವನೇ ಭೂತಾಳಪಾಂಡ್ಯನಾಗುತ್ತಾನೆ, ಆಸ್ತಿ ಅಳಿಯನ ಪಾಲಾಗುತ್ತದೆ. ಚೆನ್ನಾಗಿ ಕೇಳಿಸಿಕೊಂಡರೆ ಈ ಕತೆ ಮೆಚ್ಚುವುದು ಬಲಿಗೆ ಒಪ್ಪಿದ ತಾಯಿಯನ್ನು. ಒಲ್ಲೆ ಎಂದವಳ ಮಕ್ಕಳು ಬರಿಗೈ. ವಿಸೆರಿಸ್‌ನ ಅರಮನೆಯಲ್ಲಿ ಹೆರುವವಳು ಬಲಿ, ಇಲ್ಲಿ ಹೆತ್ತವಳ ಮಗು ಬಲಿ. ವಂಶ ಯಾವ ದಾರಿಯಲ್ಲಿ ಹೋದರೂ ಸುಂಕ ಕಟ್ಟುವವಳು ಒಬ್ಬಳೇ. ಇನ್ನು ಅಳಿಯಕಟ್ಟಿನ ಮನೆಗಳಲ್ಲೂ ತಿಜೋರಿಯ ಬೀಗದ ಕೈ ಬಹುಮಟ್ಟಿಗೆ ಇದ್ದದ್ದು ಸೋದರಮಾವನ ಸೊಂಟದಲ್ಲಿ ಎಂಬುದನ್ನು ಹಿರಿಯರು ಬಲ್ಲರು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ, ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದು ಆ ಲೆಕ್ಕವೆಲ್ಲ ಬದಲಾಯಿತು.

ಹಾಗಾಗಿ ಈ ಕಂತು ಗರ್ಭದ ವಿಚಾರದಲ್ಲಿ ಆಡುವ ಮಾತು ನನಗೆ ಪೂರಾ ಒಪ್ಪಿಗೆ. ಅದು ಸೋಲುವುದು ನೆಲದ ವಿಚಾರದಲ್ಲಿ. ಒಂದು ಗಂಟೆಗೂ ಮೀರಿ ನೋಡಿದರೂ ಈ ರಾಜ್ಯ ಏನು ಬೆಳೆಯುತ್ತದೆ, ಏನು ಉಣ್ಣುತ್ತದೆ, ಗೇಣಿ ಯಾರು ಕೊಡುತ್ತಾರೆ ಎಂಬುದರ ಸುಳಿವಿಲ್ಲ. ಊರಿನ ಜನ ಕಾಣಿಸುವುದು ಕಾವಲು ಪಡೆಯಿಂದ ಕೈಕಾಲು ಕಡಿಸಿಕೊಳ್ಳುವುದಕ್ಕೆ ಮಾತ್ರ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಉಳ್ಳಾಲದ ಚೌಟ ರಾಣಿಯನ್ನು ಮಂಗಳೂರಿನ ಒಳನಾಡಿನ ಮಣೇಲಿನಲ್ಲಿ ಕಂಡಾಗ ಆಕೆ ಬರಿಗಾಲಿನಲ್ಲಿ, ಮಾಮೂಲು ಬಟ್ಟೆಯಲ್ಲಿ, ಗದ್ದೆಗೆ ನೀರು ಹಾಯಿಸುವ ತೋಡಿನ ಕೆಲಸ ನೋಡಲು ಹೊರಟಿದ್ದಳು. ಅಡುಗೆಯಾಳಿನಂತೆ ಕಂಡವಳು ಬಾಯಿ ತೆರೆದಾಗ ರಾಣಿಯೆಂದು ಗೊತ್ತಾಯಿತು ಎಂಬರ್ಥದಲ್ಲಿ ಆತ ಬರೆದಿಟ್ಟಿದ್ದಾನೆ. ಅರಸೊತ್ತಿಗೆ ಎಂದರೆ ಬೆಳ್ಳಿಗೂದಲು, ಪಂಜು, ಕಪ್ಪು ಕಲ್ಲಿನ ಗೋಡೆ ಎಂದುಕೊಂಡ ಈ ದುಬಾರಿ ಸರಣಿಗೆ ಅಂಥ ಒಂದು ತೋಡು ತೋಡುವುದಕ್ಕೆ ಪುರುಸೊತ್ತಿಲ್ಲ.

ತುಳುವಿನ ಹಾಡುಗತೆ ಸಿರಿ ಪಾಡ್ದನವನ್ನು ಕೇಳಿದವರಿಗೆ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು 1990ರಲ್ಲಿ ಅದನ್ನು ಹಾಡಿದರು. ಫಿನ್ಲೆಂಡಿನ ಲೌರಿ ಹಾಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡರ ಜತೆ ದಾಖಲಿಸಿ 1998ರಲ್ಲಿ ಅಚ್ಚು ಹಾಕಿಸಿದಾಗ ಆದದ್ದು 15,683 ಸಾಲು. ಅಲ್ಲಿಯೂ ಸತ್ಯನಾಪುರದ ಅರಮನೆ ಯಾರಿಗೆ ಎಂಬ ಜಗಳ ಇದೆ, ಹೆರಿಗೆ ಇದೆ, ಸಾವು ಇದೆ. ಕೊನೆಗೆ ಅವಳಿ ಅಕ್ಕತಂಗಿ ಅಬ್ಬಗ ದಾರಗರು ಚೆನ್ನೆಮಣೆ ಆಟದಲ್ಲಿ ಮುನಿದು ಜೀವ ಹೋಗುವಷ್ಟು ದೂರ ಹೋಗುತ್ತಾರೆ. ಆದರೆ ಸಿರಿಯ ಸಂಸಾರ ಒಡೆಯುವುದು ಒಂದು ಸೀರೆಯಿಂದ. ಬಯಕೆ ಮದುವೆಗೆ ಗಂಡ ಕಾಂತು ಪೂಂಜ ತಂದ ಸೀರೆಯನ್ನು ಅವನ ಸೂಳೆ ಸಿದ್ದು ಮೊದಲು ಉಟ್ಟು ನೋಡಿದ್ದಾಳೆ. ಅದನ್ನು ಅರಿತ ಸಿರಿ, ತುಂಬಿದ ಮನೆಯಲ್ಲಿ, ಉಡುವುದಿಲ್ಲ ಎನ್ನುತ್ತಾಳೆ.

ಸರಣಿಯಲ್ಲಿಯೂ ಬಟ್ಟೆಯದೇ ಒಂದು ಗಳಿಗೆ ಇದೆ, ಮತ್ತು ಅದು ಈ ಕಂತಿನ ಅತಿ ಸೂಕ್ಷ್ಮವಾದ ಜಾಗ. ರಾಣಿ ಸತ್ತ ದುಃಖ ಇನ್ನೂ ಹಸಿಯಾಗಿರುವಾಗ ಮಂತ್ರಿ ಆಟೊ ತನ್ನ ಹದಿಹರೆಯದ ಮಗಳು ಅಲಿಸೆಂಟ್‌ಳನ್ನು ಕರೆದು, ದೊರೆಗೆ ಸಮಾಧಾನ ಹೇಳಿ ಬಾ ಎನ್ನುತ್ತಾನೆ. ಅವಳು ಹೊರಡುವಾಗ, ತಾಯಿಯ ಉಡುಪೊಂದನ್ನು ಹಾಕಿಕೊಂಡು ಹೋಗು ಎಂಬುದೊಂದು ಮಾತು ಸೇರಿಸುತ್ತಾನೆ. ಅಷ್ಟೇ. ಹುಡುಗಿ ಉಗುರು ಸುತ್ತಿನ ಚರ್ಮ ಕಿತ್ತುಕೊಳ್ಳುತ್ತಾಳೆ, ಹೋಗುತ್ತಾಳೆ. ಕೂಗಾಟವಿಲ್ಲ, ರಕ್ತವಿಲ್ಲ. ಇಂಥದ್ದು ಇನ್ನೂ ನಾಲ್ಕು ಇದ್ದಿದ್ದರೆ ಪಂದ್ಯದ ಕಣದಲ್ಲಿ ಅಷ್ಟು ಮುಖ ಜಜ್ಜಬೇಕಿರಲಿಲ್ಲ.

ಡ್ರ್ಯಾಗನ್ ಬಗ್ಗೆಯೂ ಒಂದು ತಕರಾರು. ಪೀಠಿಕೆ ಮುಗಿದ ಕೂಡಲೇ ಸಿರಾಕ್ಸ್ ಎಂಬ ಹಳದಿ ಡ್ರ್ಯಾಗನ್ ರೆನೀರಾಳನ್ನು ಹೊತ್ತು ಹಾಡುಹಗಲೇ ನಗರದ ಮೇಲೆ ಒಂದು ಸುತ್ತು ಹಾರಿ ಇಳಿಯುತ್ತದೆ. ಮುಗಿಯಿತು, ಬೆರಗು ಅಲ್ಲಿಗೇ ಖರ್ಚು. ಯಕ್ಷಗಾನದ ಹರಕೆ ಬಯಲಾಟದಲ್ಲಿ ‘ದೇವಿ ಮಹಾತ್ಮೆ’ ಆಡುವಾಗ ಮಹಿಷಾಸುರನನ್ನು ಇಷ್ಟು ಸುಲಭಕ್ಕೆ ತೋರಿಸುವುದಿಲ್ಲ. ನಿದ್ದೆ ತೂಗುವ ಹೊತ್ತಿಗೆ, ರಂಗಸ್ಥಳ ಬಿಟ್ಟು ಜನರ ಬೆನ್ನ ಹಿಂದಿನಿಂದ, ದೊಂದಿಗೆ ರಾಳ ಎರಚಿ ಬೆಂಕಿ ಎಬ್ಬಿಸಿಕೊಂಡು ಬರುತ್ತಾನೆ. ಚೆಂಡೆಯ ಪೆಟ್ಟಿಗೆ ಮಕ್ಕಳು ತಾಯಂದಿರ ಸೆರಗಿನೊಳಗೆ. ಕತ್ತಲನ್ನು ಹೇಗೆ ಬಳಸಬೇಕೆಂಬುದು ಆಟದವರಿಗೆ ಗೊತ್ತು. ಈ ಸರಣಿ ಕತ್ತಲನ್ನು ಬಣ್ಣದ ಹಾಗೆ ಎಲ್ಲ ಕಡೆ ಬಳಿಯುತ್ತದೆ, ಮೊಬೈಲಿನಲ್ಲಿ ನೋಡುವವರಿಗೆ ಎಷ್ಟೋ ಕಡೆ ತಮ್ಮ ಮುಖವೇ ಕಾಣುತ್ತದೆ. (ಡ್ರ್ಯಾಗನ್ ನೋಡಲೇಬೇಕೆಂದಿದ್ದರೆ 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋಗಿ, ಭೈರಾದೇವಿ ಮಂಟಪದ ಜಗಲಿಯ ಕೆತ್ತನೆಯನ್ನು ಬಗ್ಗಿ ನೋಡಬಹುದು. ಚೀನೀ ಮಾದರಿಯದು, ಜಿರಾಫೆಯೂ ಇದೆ. ಕಡಲ ವ್ಯಾಪಾರದ ಗುರುತು ಎನ್ನುತ್ತಾರೆ.)

ವಿಸೆರಿಸ್ ಪಾತ್ರದ ಪ್ಯಾಡಿ ಕಾನ್ಸಿಡೈನ್ ಇಡೀ ಕಂತನ್ನು ಹೊತ್ತಿದ್ದಾರೆ. ಒಳ್ಳೆಯವನೆನ್ನಿಸಿಕೊಳ್ಳುವ ಚಪಲವೇ ಕ್ರೌರ್ಯಕ್ಕೆ ದಾರಿಯಾಗುವ ದೊರೆಯನ್ನು ಅವರು ದನಿ ಏರಿಸದೆ ಆಡಿದ್ದಾರೆ. ಮ್ಯಾಟ್ ಸ್ಮಿತ್ ಆಡಿದ ದೊರೆಯ ತಮ್ಮ ಡೇಮನ್ ಮಜಾ ಕೊಡುತ್ತಾನೆ, ಅದಕ್ಕಿಂತ ಹೆಚ್ಚಿನದು ಇನ್ನೂ ಕಂಡಿಲ್ಲ. ಕೊನೆಯಲ್ಲಿ ಹಳೆಯ ಡ್ರ್ಯಾಗನ್ ತಲೆಬುರುಡೆಯ ಮುಂದೆ ನಿಂತು ದೊರೆ ಮಗಳಿಗೆ ಪೂರ್ವಜನ ಕನಸಿನ ಭವಿಷ್ಯ ಹೇಳುವುದು ನನಗೆ ಸೇರಲಿಲ್ಲ. ಹಿಂದಿನ ಸರಣಿಯ ಅಭಿಮಾನಿಗಳನ್ನು ಹಿಡಿದಿಡಲು ಹಾಕಿದ ಗಂಟು ಅದು. ಮಗಳಿಗೆ ಪಟ್ಟ ಸಿಗುವುದಕ್ಕೆ ಅವಳು ಯೋಗ್ಯಳು ಎಂಬುದು ಸಾಕಿತ್ತು, ಕನಸು ಬೇಕಿರಲಿಲ್ಲ.

ಪರದೇಶದವರನ್ನು ಬೈದು ನಮ್ಮವರನ್ನು ಬಿಟ್ಟರೆ ಆಗದು. 2025ರ ‘ಕಾಂತಾರ: ಚಾಪ್ಟರ್ 1’ ಬಾಂಗ್ರ ಎಂಬ ಅರಸು ಮನೆತನವನ್ನೇ ತಂದಿತು, ಬಂಗರ ನೆನಪು ಬಾರದಿರುವುದು ಹೇಗೆ? ಕಾಲ ಕದಂಬರದ್ದು, ಕತೆ ಕಲ್ಪನೆ, ಸರಿ. ಆದರೆ ಅಲ್ಲಿಯೂ ಸಿಂಹಾಸನ ಅಪ್ಪನ ಕೈಯಿಂದ ಮಗನ ಕೈಗೆ ಹೋಗುತ್ತದೆ. ಅಳಿಯಕಟ್ಟಿನ ನಾಡಿನಲ್ಲಿ ಬೇರೂರಿದ ಕತೆಗೂ ಆಸ್ತಿ ಹಂಚಿಕೆಯ ಈ ಬೇರೆ ದಾರಿ ಹೊಳೆಯಲಿಲ್ಲ. ಸತ್ಯನಾಪುರದ ಕತೆಯನ್ನು ಯಾರಾದರೂ ಎಂಟು ಹತ್ತು ಕಂತು ಮಾಡಿದರೆ ಖರ್ಚು ಡ್ರ್ಯಾಗನ್ನಿನಷ್ಟು ಬರಲಾರದು. ಅಲ್ಲಿಯವರೆಗೆ ರೆನೀರಾ ಮತ್ತು ಅಲಿಸೆಂಟ್‌ರ ಗೆಳೆತನ ಎಲ್ಲಿ ಹರಿಯುತ್ತದೆಂದು ತಿಳಿಯಲು ಎರಡನೇ ಕಂತು ನೋಡುವವನೇ ನಾನು, ಪಂದ್ಯ ಕಾಳಗ ಬಂದರೆ ಮುಂದಕ್ಕೆ ಓಡಿಸಿಕೊಂಡು.