ಬುಟ್ಟಿಯ ಗೆರೆ, ಚೀಲದ ಗೆರೆ

ಸಾಗರ, ಸೊರಬ, ಸಿದ್ದಾಪುರದ ಕಡೆಯ ದೀವರ ಹೆಣ್ಣುಮಕ್ಕಳು ಬರೆಯುವ ಚಿತ್ತಾರ ಈಗ ಹೆಗಲ ಚೀಲಗಳ ಮೇಲೂ ಬಂದಿದೆ. ‘ಪುರಾತನ ಜನಪದ ಕಲೆ’ ಎಂದು ಅದನ್ನು ಮಾರುವುದುಂಟು. ಆ ‘ಪುರಾತನ’ ಎಂಬ ಮಾತಿನ ಬಗ್ಗೆಯೇ ನನ್ನ ತಕರಾರು.

ಚೀಲಕ್ಕೂ ಮುಂಚೆ ಚಿತ್ತಾರವನ್ನು ಹೊತ್ತು ನಡೆದದ್ದು ಭೂಮಣ್ಣಿ ಬುಟ್ಟಿ. ಭೂಮಿ ಹುಣ್ಣಿಮೆ ಹತ್ತಿರವಾದಂತೆ ಬುಟ್ಟಿಗೆ ಸೆಗಣಿ, ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಗೆರೆ ಎಳೆಯುತ್ತಾರೆ. ಕುಂಚ ಪುಂಡಿ ನಾರಿನದು. ನಮ್ಮ ವಿಜಯಪುರದಲ್ಲಿ ಪುಂಡಿ ಎಂದರೆ ಪಲ್ಲೆ ಮಾತ್ರ. ನಾವು ಎಳ್ಳಮಾಸಿಗೆ ಹೊಲಕ್ಕೆ ಚರಗ ಒಯ್ಯುವಂತೆ ಅವರು ನಸುಕಿನಲ್ಲಿ ಈ ಬುಟ್ಟಿಯಲ್ಲಿ ಎಡೆ ಹೊತ್ತು ಗದ್ದೆಗೆ ಹೋಗುತ್ತಾರೆ. ಮರುವರ್ಷ ಮತ್ತೆ ಬಳಿದು, ಮತ್ತೆ ಬರೆಯುತ್ತಾರೆ. ರೂಢಿ ಹಳೆಯದು, ಬಣ್ಣ ಪ್ರತಿ ವರ್ಷದ್ದು.

ಬುಟ್ಟಿ ದುಂಡಗಿದೆ. ಹೊರಟ ಗೆರೆ ಸುತ್ತು ಹಾಕಿ ಹೊರಟಲ್ಲಿಗೇ ಬಂದು ಕೂಡಬೇಕು. ಅಳತೆ ತಪ್ಪಿದರೆ ಕೊನೆಯ ಮನೆ ಕಿರಿದಾಗುತ್ತದೆ. ಬರೆಯುವವಳ ಜಾಣ್ಮೆಯೆಲ್ಲ ಆ ಲೆಕ್ಕದಲ್ಲಿದೆ. ಅಚ್ಚು ಹಾಕಿದ ಬಟ್ಟೆಯನ್ನು ಕತ್ತರಿಸಿ ಹೊಲಿದ ಚೀಲದಲ್ಲಿ ಅದೇ ವಿನ್ಯಾಸ ಹೊಲಿಗೆಯ ಬಳಿ ಅರ್ಧಕ್ಕೆ ತುಂಡಾಗುತ್ತದೆ.

ಚೀಲವೇ ಬೇಡ ಎನ್ನಲಾರೆ. ಬರೆಯುವವರಿಗೆ ಅದರಿಂದ ನಾಲ್ಕು ಕಾಸು ಬರುವುದಾದರೆ, ಬುಟ್ಟಿಯ ಪಾವಿತ್ರ್ಯದ ಮಾತು ಹೇಳಿ ತಡೆಯಲು ನಾವ್ಯಾರು? ಆದರೆ ಚೀಲದ ಅಂಚಿಗೆ ತಕ್ಕಂತೆ ಗೆರೆಯನ್ನು ಅವಳೇ ಅಳೆದು ಬರೆಯಲಿ. ಚೀಟಿಯಲ್ಲಿ ‘ಪುರಾತನ’ ಎಂದಿರುವ ಜಾಗದಲ್ಲಿ ಅವಳ ಹೆಸರಿರಲಿ. ಹೆಸರಿದ್ದರೆ ಹೊಗಳಬಹುದು, ಜಗಳವಾಡಬಹುದು. ಹೆಸರಿಲ್ಲದ ಪುರಾತನದ ಜೊತೆ ಎರಡೂ ಸಾಧ್ಯವಿಲ್ಲ.