ಕೃಪೆ, ಪರಿಶುದ್ಧತೆ, ಮೀಸಲು: ಕನ್ನಡ ಕ್ರೈಸ್ತ ಪರಿಭಾಷೆಯ ಒಂದು ವಿಮರ್ಶೆ

ಕನ್ನಡದಲ್ಲಿ ಕ್ರೈಸ್ತ ಸಾಹಿತ್ಯದ ಅಧ್ಯಯನವು ಬಹುಮಟ್ಟಿಗೆ ಮಿಷನರಿಗಳ ನಿಘಂಟು, ವ್ಯಾಕರಣ, ಮುದ್ರಣ ಹಾಗೂ ಪತ್ರಿಕೋದ್ಯಮಗಳ ಕೊಡುಗೆಯನ್ನು ಗುರುತಿಸುವುದರಲ್ಲಿಯೇ ತೃಪ್ತವಾಗಿದೆ. ಯಾವ ಮಾತನ್ನು ಹೇಳುವುದಕ್ಕಾಗಿ ಆ ಸಾಧನಗಳನ್ನು ಕಟ್ಟಲಾಯಿತೋ ಆ ಮಾತು ಮಾತ್ರ ವಿಮರ್ಶೆಯ ಹೊರಗೆ ಉಳಿಯುತ್ತದೆ. ಮನುಷ್ಯನು ಸ್ವಸಾಮರ್ಥ್ಯದಿಂದಲ್ಲ, ದೇವರ ಕೃಪೆಯಿಂದ ಪರಿಶುದ್ಧವಾದ ಬಾಳನ್ನು ಬಾಳಬಲ್ಲನು ಎಂಬುದು ಅದರ ತಿರುಳು. ‘ಕೃಪೆ’ ಮತ್ತು ‘ಪರಿಶುದ್ಧತೆ’ ಎಂಬ ಎರಡು ಪದಗಳು ಕನ್ನಡದ ನೆಲದಲ್ಲಿ ಯಾವ ಅರ್ಥಗಳನ್ನು ಹೊತ್ತು ನಿಂತವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪರಿಶೀಲನೆಗೆ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಸೀಮೆಯನ್ನು ಹಿನ್ನೆಲೆಯಾಗಿ ಇಟ್ಟುಕೊಳ್ಳಲಾಗಿದೆ. ಕ್ರೈಸ್ತರ ಸಂಖ್ಯಾಬಲ ಇದಕ್ಕೆ ಕಾರಣವಲ್ಲ. 2011ರ ಜನಗಣತಿಯಂತೆ ಇಡೀ ರಾಜ್ಯದಲ್ಲಿಯೇ ಕ್ರೈಸ್ತರ ಪ್ರಮಾಣ ಶೇ. 1.87 ಮಾತ್ರ. ಪಾವಿತ್ರ್ಯವನ್ನು ಕುರಿತ ಹಲವು ಕಲ್ಪನೆಗಳು ಅಕ್ಕಪಕ್ಕದಲ್ಲಿಯೇ ಬದುಕಿರುವ ಸೀಮೆ ಇದು ಎಂಬುದೇ ಕಾರಣ. ಕೊರಟಗೆರೆಯ ಸಿದ್ಧರಬೆಟ್ಟದ ವೀರಶೈವ ಪರಂಪರೆ, ಶಿರಾದ ಮಲಿಕ್ ರೆಹಾನ್ ದರ್ಗಾ, ಅದೇ ತಾಲ್ಲೂಕಿನ ಕಾಡುಗೊಲ್ಲರ ಜುಂಜಪ್ಪನ ಗುಡ್ಡೆ, ಪಾವಗಡದ ಕನ್ನಡ–ತೆಲುಗು ದ್ವಿಭಾಷಾ ಬದುಕು ಇವೆಲ್ಲ ಇಲ್ಲಿ ಒಂದು ದಿನದ ಹಾದಿಯೊಳಗೆ ಸಿಕ್ಕುತ್ತವೆ. ಹೊರಗಿನಿಂದ ಬಂದ ಒಂದು ಧರ್ಮದ ಪದವು ಇಂಥ ಕಡೆ ಖಾಲಿ ನೆಲದಲ್ಲಿ ಬೇರೂರುವುದಿಲ್ಲ.

1

ಈ ಸೀಮೆಗೆ ದಕ್ಷಿಣದ ನೆರೆಯಾದ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ 1837ರಲ್ಲಿ ಕೆಲಸ ಆರಂಭಿಸಿದರು. 1839ರಲ್ಲಿ ಅಲ್ಲಿಗೆ ಬಂದ ವಿಲಿಯಂ ಆರ್ಥರ್ (1819–1901) ಅನಾರೋಗ್ಯದ ಕಾರಣ ಎರಡೇ ವರ್ಷಗಳಲ್ಲಿ ಹಿಂದಿರುಗಬೇಕಾಯಿತು. ಆ ಅನುಭವವನ್ನು ಅವರು ‘ಎ ಮಿಷನ್ ಟು ದಿ ಮೈಸೂರ್’ (1847) ಕೃತಿಯಲ್ಲಿ ದಾಖಲಿಸಿದರು. ಪ್ರಪಂಚದ ಕ್ರೈಸ್ತ ಓದುಗರು ಅವರನ್ನು ನೆನೆಯುವುದು ಮಾತ್ರ ‘ದಿ ಟಂಗ್ ಆಫ್ ಫೈರ್’ (1856) ಎಂಬ ಇನ್ನೊಂದು ಗ್ರಂಥಕ್ಕಾಗಿ. ಪಾಂಡಿತ್ಯ, ಸಂಘಟನೆ, ವಾಕ್ಚಾತುರ್ಯ ಇವು ಮನುಷ್ಯನ ಒಳಗನ್ನು ಬದಲಿಸಲಾರವು. ಆ ಬದಲಾವಣೆ ಪವಿತ್ರಾತ್ಮನ ದಾನದಿಂದಲೇ ಆಗತಕ್ಕದ್ದು ಎಂಬುದು ಅದರ ಪ್ರತಿಪಾದನೆ. ಈ ಎರಡು ಕೃತಿಗಳನ್ನು ಒಟ್ಟಿಗೆ ಇಟ್ಟು ಓದುವ ಪದ್ಧತಿ ನಮ್ಮಲ್ಲಿಲ್ಲ. ಗುಬ್ಬಿಯು ಮಲ್ಲಣಾರ್ಯನ ಊರು. ಶರಣಧರ್ಮದ ಅನುಗ್ರಹಭಾವ ಗಾಢವಾಗಿ ನೆಲೆಸಿದ್ದ ಪ್ರದೇಶದಲ್ಲಿ ಉಪದೇಶ ಮಾಡಿ ಹೋದವರೇ ಮುಂದೆ ಅನುಗ್ರಹಪ್ರಧಾನವಾದ ಗ್ರಂಥವನ್ನು ಬರೆದರು. ಒಂದು ಇನ್ನೊಂದಕ್ಕೆ ಕಾರಣವೆಂದು ಸಾಧಿಸಬೇಕಾಗಿಲ್ಲ. ಎರಡೂ ಒಂದೇ ಪ್ರಶ್ನೆಯ ಸುತ್ತ ಇವೆಯೆಂಬುದು ಗಮನಾರ್ಹ.

ವೆಸ್ಲಿಯನ್ ಪಂಥದ ವೈಶಿಷ್ಟ್ಯವನ್ನು ಇಲ್ಲಿ ನೆನೆಯಬೇಕು. ಜಾನ್ ವೆಸ್ಲಿಯ ದೃಷ್ಟಿಯಲ್ಲಿ ಕೃಪೆಯು ಪಾಪಕ್ಷಮೆಯೊಂದಿಗೆ ಮುಗಿಯುವುದಿಲ್ಲ. ಮನುಷ್ಯನು ಬೇಡುವ ಮೊದಲೇ ಅದು ಅವನಲ್ಲಿ ಕೆಲಸ ಮಾಡುತ್ತದೆ, ಕ್ಷಮಿಸುತ್ತದೆ, ಬಳಿಕ ಜೀವನಪರ್ಯಂತ ಅವನನ್ನು ತಿದ್ದುತ್ತದೆ. ಈ ತಿದ್ದುವಿಕೆಯ ಗುರಿ ದೋಷರಹಿತವಾದ ಆಚಾರವಲ್ಲ, ದೇವರಲ್ಲಿಯೂ ನೆರೆಯವರಲ್ಲಿಯೂ ಪೂರ್ಣವಾದ ಪ್ರೀತಿ. ಆದ್ದರಿಂದ ಇಲ್ಲಿ ಪರಿಶುದ್ಧತೆಯು ಕೃಪೆಗೆ ತೆರುವ ಬೆಲೆಯಲ್ಲ, ಕೃಪೆಯ ಫಲ.

2

‘ಕೃಪೆ’ ಎಂಬ ಪದ ಕನ್ನಡಿಗರಿಗೆ ಹೊಸದಾಗಿರಲಿಲ್ಲ. ಗುರುಕಾರುಣ್ಯ, ಶಿವಕೃಪೆ, ಹರಿಕರುಣೆ ಎಂಬ ಮಾತುಗಳು ವಚನಗಳಲ್ಲಿಯೂ ದಾಸರ ಪದಗಳಲ್ಲಿಯೂ ಬಳಕೆಗೊಂಡಿದ್ದವು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಆರಂಭಿಸಿದ ಬೈಬಲ್ ಅನುವಾದದ ಪರಂಪರೆ ಹಲವು ಪರಿಷ್ಕರಣಗಳನ್ನು ಕಂಡು ‘ಸತ್ಯವೇದ’ವಾಗಿ ನಿಂತಾಗ ‘ಕೃಪೆ’ಯೇ ಪ್ರೊಟೆಸ್ಟೆಂಟ್ ಬಳಕೆಯಲ್ಲಿ ನೆಲೆಯಾಯಿತು. ಕಥೋಲಿಕರು ‘ವರಪ್ರಸಾದ’ ಎಂದರು. ಪ್ರಭುಭೋಜನದ ಸಂಸ್ಕಾರವನ್ನು ‘ಪರಮಪ್ರಸಾದ’ ಎಂದು ಕರೆದರು. ಮೇಲ್ನೋಟಕ್ಕೆ ಇದು ಪರ್ಯಾಯ ಪದಗಳ ವ್ಯತ್ಯಾಸ. ವಾಸ್ತವದಲ್ಲಿ ಎರಡು ದೃಷ್ಟಿಗಳು ಇಲ್ಲಿ ಬೇರೆಯಾಗುತ್ತವೆ. ಕೃಪೆಯು ದಾತನ ಮನೋಭಾವ. ಪ್ರಸಾದವು ಕೈಗೆ ಬರುವ, ಒಳಗೊಳ್ಳುವ ವಸ್ತು. ವೀರಶೈವದ ಅಷ್ಟಾವರಣಗಳಲ್ಲಿ ಪ್ರಸಾದಕ್ಕೆ ಸ್ಥಾನವಿದೆ. ಷಟ್‌ಸ್ಥಲಗಳಲ್ಲಿ ‘ಪ್ರಸಾದಿ’ ಮೂರನೆಯದು. ಪ್ರಸಾದವನ್ನು ಪಡೆದವನ ಕಾಯವೂ ಪ್ರಸಾದಕಾಯವಾಗುತ್ತದೆ ಎಂಬ ಶರಣರ ಭಾವನೆಗೆ ‘ವರಪ್ರಸಾದ’ವು ‘ಕೃಪೆ’ಗಿಂತ ಹತ್ತಿರವಾದುದು. ಬಾಳನ್ನು ಬದಲಿಸುವ ಕೃಪೆಯನ್ನು ಬೋಧಿಸಿದ ವೆಸ್ಲಿಯನ್ನರಿಗೂ ಈ ಪದವೇ ಹೆಚ್ಚು ಒಪ್ಪುತ್ತಿತ್ತು. ದೇವಸ್ಥಾನದ ನೈವೇದ್ಯದ ನೆನಪನ್ನು ತರುವ ಪದವು ಪ್ರೊಟೆಸ್ಟೆಂಟ್ ಬಳಕೆಯ ಕೇಂದ್ರಕ್ಕೆ ಬರಲಿಲ್ಲ. ಅದರೊಂದಿಗೆ ಒಂದು ಅರ್ಥಸಾಧ್ಯತೆಯೂ ಹೊರಗುಳಿಯಿತು.

3

‘ಪರಿಶುದ್ಧ’ ಪದದ ಸಮಸ್ಯೆ ಇನ್ನೂ ಜಟಿಲ. ಹೀಬ್ರೂ ಬೈಬಲ್ಲಿನ ಮೂಲಪದಕ್ಕೆ ದೇವರಿಗಾಗಿ ಬೇರೆಯಾಗಿ ಇರಿಸಿದ್ದು ಎಂಬ ಅರ್ಥಛಾಯೆ ಪ್ರಬಲವಾಗಿದೆ. ಕೊಳೆಯಿಲ್ಲದಿರುವುದು ಅದರ ಪರಿಣಾಮವಿರಬಹುದು, ಮೂಲಾರ್ಥವಲ್ಲ. ‘ಪರಿಶುದ್ಧ’ ಎಂಬ ಸಂಸ್ಕೃತ ಪದವಾದರೋ ಅಶುದ್ಧಿಯನ್ನು ಎದುರಿಗೆ ಇಟ್ಟುಕೊಂಡೇ ಅರ್ಥ ಪಡೆಯುತ್ತದೆ. ಮಡಿ–ಮೈಲಿಗೆಗಳ ಸಮಾಜದಲ್ಲಿ ಅದನ್ನು ಕೇಳಿದವನಿಗೆ ಪರಿಶುದ್ಧ ಬಾಳೆಂದರೆ ಮುಟ್ಟದೆ, ಬೆರೆಯದೆ, ದೂರ ನಿಲ್ಲುವ ಬಾಳು ಎಂದು ತೋರಿದರೆ ಆಶ್ಚರ್ಯವಿಲ್ಲ. ಪಾವಗಡದ ದ್ವಿಭಾಷಿಕ ಭಕ್ತನಿಗೆ ಈ ಆಯ್ಕೆಯ ಅಸ್ಥಿರತೆ ಕಿವಿಗೇ ಗೊತ್ತಾಗುತ್ತದೆ. ತೆಲುಗಿನಲ್ಲಿ ‘ಪರಿಶುದ್ಧಾತ್ಮ’ನಾದವನು ಕನ್ನಡದ ಸತ್ಯವೇದದಲ್ಲಿ ‘ಪವಿತ್ರಾತ್ಮ’ನು.

ಬೇರಿರಿಸಿದ್ದು ಎಂಬ ಅರ್ಥಕ್ಕೆ ಈ ಸೀಮೆಯಲ್ಲಿಯೇ ಅಚ್ಚಗನ್ನಡದ ಪದವೊಂದಿದೆ: ‘ಮೀಸಲು’. ದೇವರ ಮೀಸಲು, ಮೀಸಲು ಹಾಲು, ಮೀಸಲು ಮುರಿಯುವುದು ಮುಂತಾದ ಬಳಕೆಗಳು ಜನಪದರಲ್ಲಿ ಸಹಜ. ಅನುವಾದಕರು ಇದನ್ನು ಆಧಾರಪದವನ್ನಾಗಿ ಮಾಡಿಕೊಳ್ಳಲಿಲ್ಲವೆಂದು ಆಕ್ಷೇಪಿಸುವುದು ಸುಲಭ. ಆದರೆ ಮೀಸಲಿಗೂ ತನ್ನದೇ ಆದ ಬೆಲೆಯುಂಟು. ಕಾಡುಗೊಲ್ಲರ ಹಟ್ಟಿಗಳಲ್ಲಿ ದೇವರ ಪಾವಿತ್ರ್ಯವನ್ನು ಕಾಯುವ ನಂಬಿಕೆಯೇ ಋತುಮತಿಯನ್ನೂ ಬಾಣಂತಿಯನ್ನೂ ಹಟ್ಟಿಯ ಹೊರಗಿರಿಸಿತು. ಈ ಸಮುದಾಯದ ಆಚರಣೆಗಳನ್ನು ತೀ.ನಂ. ಶಂಕರನಾರಾಯಣ ಅವರು ‘ಕಾಡುಗೊಲ್ಲರ ಸಂಪ್ರದಾಯಗಳು ಮತ್ತು ನಂಬಿಕೆಗಳು’ ಕೃತಿಯಲ್ಲಿ ವಿವರವಾಗಿ ಅಧ್ಯಯನ ಮಾಡಿದ್ದಾರೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಬಾಣಂತಿಯೊಡನೆ ಹೊರಗಿನ ಗುಡಿಸಲಿನಲ್ಲಿದ್ದ ಹಸುಗೂಸು ತೀರಿಕೊಂಡಾಗ ಈ ಪ್ರಶ್ನೆ ರಾಜ್ಯದ ಗಮನಕ್ಕೆ ಬಂದಿತು. ಪಾವಿತ್ರ್ಯದ ಪರಿಭಾಷೆ ಕೇವಲ ಪದಗಳ ವಿಚಾರವಲ್ಲ. ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ಅದು ನಿರ್ಧರಿಸುತ್ತದೆ.

ಪದಗಳು ಕೈಕೊಡುವ ಈ ಹಂತದಲ್ಲಿ ಸುವಾರ್ತೆಯ ಕಥನ ನೆರವಿಗೆ ಬರುತ್ತದೆ. ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿದ ಹೆಂಗಸು ಗುಂಪಿನ ನಡುವೆ ಬಂದು ಯೇಸುವಿನ ಉಡುಪನ್ನು ಮುಟ್ಟುತ್ತಾಳೆ. ಅಂದಿನ ಯೆಹೂದ್ಯ ನಿಯಮದಂತೆ ಆಕೆಯ ಸ್ಪರ್ಶದಿಂದ ಅಶುದ್ಧಿ ಹರಡಬೇಕಾಗಿತ್ತು. ಕಥೆಯಲ್ಲಿ ಹರಡುವುದು ಆರೋಗ್ಯ. ಆಕೆಯನ್ನು ಯೇಸು ಮಗಳೆಂದು ಕರೆಯುತ್ತಾನೆ. ಮೈಲಿಗೆ ಹರಡುತ್ತದೆಂಬ ನಂಬಿಕೆಯ ದಿಕ್ಕನ್ನೇ ಈ ಕಥೆ ತಿರುಗಿಸುತ್ತದೆ. ಇಲ್ಲಿ ಪಾವಿತ್ರ್ಯಕ್ಕೆ ಕಾವಲು ಬೇಕಿಲ್ಲ. ಅದೇ ಹೊರಟು ಹೋಗಿ ಮುಟ್ಟುತ್ತದೆ. ಕೃಪೆಯಿಂದ ಬರುವ ಪರಿಶುದ್ಧತೆಗೂ ಆಚಾರದಿಂದ ಕಾಯುವ ಶುದ್ಧಿಗೂ ಇರುವ ಅಂತರವನ್ನು ಯಾವ ಪರಿಭಾಷೆಗಿಂತಲೂ ಸ್ಪಷ್ಟವಾಗಿ ಇದು ಹೇಳುತ್ತದೆ. ಕ್ರಿಸ್ತಚರಿತೆಯನ್ನು ಕನ್ನಡ ಪದ್ಯದಲ್ಲಿ ಹೇಳಲು ಕಿಟ್ಟೆಲ್ ‘ಕಥಾಮಾಲೆ’ಯನ್ನು (1862) ರಚಿಸಿದುದನ್ನು ಈ ದೃಷ್ಟಿಯಿಂದ ಮತ್ತೆ ಓದಬೇಕಾಗಿದೆ. ಸಿದ್ಧಾಂತಕ್ಕಿಂತ ಕಥೆಯೇ ಭಾಷೆಗಳ ಗಡಿಯನ್ನು ದಾಟಬಲ್ಲುದು.

4

ಊರು ಯಾರನ್ನು ಮೈಲಿಗೆಯೆಂದು ಹೊರಗಿಟ್ಟಿತೋ ಅವರೇ ‘ದೇವಜನರು’ ಎಂಬ ಸಂಬೋಧನೆಯನ್ನು ಕೇಳಿದಾಗ ಆ ಪದಕ್ಕೆ ಬರುವ ಶಕ್ತಿಯನ್ನು ಕಡೆಗಣಿಸಲಾಗದು. ಅದೇ ಅಳತೆಗೋಲಿನಿಂದ ಕ್ರೈಸ್ತ ಸಮುದಾಯವನ್ನೂ ಅಳೆಯಬೇಕು. ಭಾರತದ ಚರ್ಚುಗಳಲ್ಲಿ ಜಾತಿ ಉಳಿದುಬಂದಿರುವುದು ಅಲ್ಲಗಳೆಯಲಾಗದ ಸಂಗತಿ. ಪರಿಶುದ್ಧತೆ ಕೃಪೆಯ ದಾನವೆಂದು ಬೋಧಿಸಿ ಕುಲದಿಂದ ಮನುಷ್ಯರನ್ನು ವಿಂಗಡಿಸುವ ಸಭೆ, ತನ್ನ ಬೋಧನೆಯನ್ನು ತಾನೇ ನಿರಾಕರಿಸುತ್ತದೆ.

ಈ ದಿಕ್ಕಿನಲ್ಲಿ ಉತ್ತಂಗಿ ಚನ್ನಪ್ಪನವರ (1881–1962) ಮಾದರಿ ಅನುಸರಣೀಯ. ಬಾಸೆಲ್ ಮಿಷನ್ನಿನ ಪಾದ್ರಿಯಾಗಿದ್ದ ಅವರು 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸಿದರು. ಅನುಭವ ಮಂಟಪದ ಐತಿಹಾಸಿಕತೆಯನ್ನು ಚರ್ಚಿಸಿದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕ್ರಿಸ್ತನ ಕೃಪೆಯನ್ನು ನಂಬಿದವನು ಶರಣರ ಪ್ರಸಾದವನ್ನು ಅನ್ಯವೆಂದು ಭಾವಿಸಬೇಕಾಗಿಲ್ಲ ಎಂಬುದಕ್ಕೆ ಅವರ ಬಾಳೇ ಪ್ರಮಾಣ. ಕನ್ನಡ ಕ್ರೈಸ್ತ ಸಾಹಿತ್ಯದ ಮುಂದಿನ ಅಧ್ಯಯನವು ಮಿಷನರಿಗಳ ಕೊಡುಗೆಯ ಪಟ್ಟಿಯಿಂದ ಹೊರಬಂದು ಇಂಥ ಅನುಸಂಧಾನಗಳತ್ತ ತಿರುಗಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಂತಹ ಸೀಮೆಗಳ ಆಡುಮಾತು, ಪ್ರಾರ್ಥನೆ, ಭಜನೆಗಳಲ್ಲಿ ಕೃಪೆ, ಪ್ರಸಾದ, ಮೀಸಲು, ಮಡಿ ಎಂಬ ಪದಗಳು ಹೇಗೆ ಬಳಕೆಯಾಗುತ್ತಿವೆ ಎಂಬುದನ್ನು ಕ್ಷೇತ್ರಕಾರ್ಯದಿಂದ ಸಂಗ್ರಹಿಸುವುದು ಅದರ ಮೊದಲ ಹೆಜ್ಜೆಯಾಗಬಹುದು.