ಸೂಜಿ ಒಬ್ಬರದಲ್ಲ

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಹಳ್ಳಿಗಳಲ್ಲಿ ‘ಸೂಜಿ ಮಾಡಿಸ್ಕೊಂಡು ಬಂದೆ’ ಅಂದರೆ ಅರ್ಧ ಆರಾಮಾದಂತೆಯೇ ಲೆಕ್ಕ. ಒಮ್ಮೆ ಬಳಸಿ ಎಸೆಯುವ ಸಿರಿಂಜು ಬರುವ ಮೊದಲು, ಗಾಜಿನ ಸಿರಿಂಜೊಂದು ಬಿಸಿನೀರಿನ ಸ್ಟೀಲ್ ಡಬ್ಬಿಯಿಂದ ಎದ್ದು ಬಂದು ಇಡೀ ಓಣಿಯ ತೋಳುಗಳನ್ನು ಮುಟ್ಟುತ್ತಿತ್ತು. ನೀರು ಎಷ್ಟು ಹೊತ್ತು ಕುದಿಯಿತೆಂದು ಯಾರೂ ಕೇಳುತ್ತಿರಲಿಲ್ಲ. ಅದನ್ನು ಅನೀತಿ ಎಂದೂ ಯಾರೂ ಕರೆಯಲಿಲ್ಲ. ಇದ್ದದ್ದೇ ಒಂದು ಸಿರಿಂಜು, ಅಷ್ಟೇ.

ಈ ನೆಲದ ಓದುಗನಾಗಿ ನಾನು ಇರ್ವಿನ್ ವೆಲ್ಶ್‌ನ ‘ಟ್ರೈನ್‌ಸ್ಪಾಟಿಂಗ್’ ಕಾದಂಬರಿಯನ್ನು (1993) ಓದುವಾಗ ಹೆರಾಯಿನ್ ನನಗೆ ಪರಕೀಯ ಅನ್ನಿಸಿತು, ಸೂಜಿ ಅನ್ನಿಸಲಿಲ್ಲ. ಎಡಿನ್‌ಬರೋ ನಗರದ ಲೀತ್‌ನ ಹುಡುಗರು ಒಂದೇ ಸೂಜಿಯನ್ನು ಹಂಚಿಕೊಂಡದ್ದಕ್ಕೆ ಕಾರಣ ಗೆಳೆತನವೂ ಅಲ್ಲ, ಬರೀ ಬೇಜವಾಬ್ದಾರಿಯೂ ಅಲ್ಲ. 1980ರ ದಶಕದ ಆರಂಭದಲ್ಲಿ ಅಲ್ಲಿ ಹೆರಾಯಿನ್ ಸಲೀಸಾಗಿ ಸಿಗುತ್ತಿತ್ತು, ಸಿರಿಂಜು ಸಿಗುತ್ತಿರಲಿಲ್ಲ. ಪೊಲೀಸರ ಬಿಗಿಯಿಂದ ಮಾರುವವರು ಹಿಂಜರಿದರು, ಸಿಕ್ಕ ಸಿರಿಂಜುಗಳು ಜಪ್ತಿಯಾದವು. 1986ರ ಹೊತ್ತಿಗೆ ಆ ಊರಿನ ಒಂದು ಚಿಕಿತ್ಸಾಲಯದಲ್ಲಿ ಪರೀಕ್ಷೆಗೊಳಗಾದ ಚುಚ್ಚಿಕೊಳ್ಳುವವರಲ್ಲಿ ಅರ್ಧದಷ್ಟು ಮಂದಿಗೆ ಎಚ್‌ಐವಿ ಇತ್ತು. ಮರುವರ್ಷ ಅಲ್ಲಿ ಹಳೇ ಸೂಜಿ ಪಡೆದು ಹೊಸದು ಕೊಡುವ ಕೇಂದ್ರ ತೆರೆಯಿತು. ಹಂಚಿಕೊಳ್ಳುವ ರೂಢಿ ಕಡಿಮೆಯಾಗತೊಡಗಿತು. ಜನರ ಗುಣ ರಾತ್ರೋರಾತ್ರಿ ಬದಲಾಗಿರಲಿಲ್ಲ, ಸೂಜಿ ಸಿಗುವ ದಾರಿ ಬದಲಾಗಿತ್ತು.

ವೆಲ್ಶ್ ಈ ಅಂಕಿಗಳನ್ನು ಹೇಳುತ್ತ ಕೂರುವುದಿಲ್ಲ. ಆದರೆ ಕಾದಂಬರಿಯ ಕಟ್ಟಡವೇ ಅದನ್ನು ಹೇಳುತ್ತದೆ. ಅದಕ್ಕೆ ಒಬ್ಬ ನಿರೂಪಕನಿಲ್ಲ. ಅಧ್ಯಾಯದಿಂದ ಅಧ್ಯಾಯಕ್ಕೆ ‘ನಾನು’ ಎಂಬುದು ಬೇರೆ ಬೇರೆ ಬಾಯಿಗೆ ದಾಟುತ್ತದೆ. ಸೋಂಕು ಕೂಡ ಹೀಗೆಯೇ, ಒಬ್ಬರ ಕಥೆಯಾಗಿ ನಿಲ್ಲದೆ ದಾಟುವಂಥದ್ದು. ಡ್ಯಾನಿ ಬಾಯ್ಲ್ 1996ರಲ್ಲಿ ಅದನ್ನು ಚಿತ್ರ ಮಾಡಿದಾಗ ದನಿ ಬಹುಪಾಲು ರೆಂಟನ್ ಒಬ್ಬನದಾಯಿತು. ಹೆರಾಯಿನ್‌ನಿಂದ ದೂರವಿದ್ದ ಟಾಮಿ ಪ್ರೇಮ ಮುರಿದ ಮೇಲೆ ಅದಕ್ಕೆ ಬಿದ್ದು ಎಚ್‌ಐವಿ ತಗುಲಿ ಸಾಯುತ್ತಾನೆ, ಎಷ್ಟೋ ಕಾಲ ಚುಚ್ಚಿಕೊಂಡ ರೆಂಟನ್ ಪರೀಕ್ಷೆಯಲ್ಲಿ ಪಾರಾಗುತ್ತಾನೆ. ನೋಡುಗನಿಗೆ ಉಳಿಯುವುದು ‘ಹಣೆಬರಹ’ ಎಂಬ ಒಂದೇ ಪದ. ಊರು ಮಾಡಿದ ಕೇಡು ಒಬ್ಬನ ಅದೃಷ್ಟದ ಲೆಕ್ಕಕ್ಕೆ ಜಮೆಯಾಗುತ್ತದೆ.

ನಮ್ಮ ದೇಶದ ‘ಉಡ್ತಾ ಪಂಜಾಬ್’ (2016) ನಾಲ್ಕು ಬದುಕುಗಳನ್ನು ಹೆಣೆಯುತ್ತದೆ, ನಿಜ. ಆದರೆ ಅಲ್ಲಿ ಕೈಯಿಂದ ಕೈಗೆ ಹೋಗುವುದು ಗಡಿಯಾಚೆಯಿಂದ ಬಂದು ಬಿದ್ದ ಪೊಟ್ಟಣ, ಸೂಜಿಯಲ್ಲ. ಸೂಜಿ ಅಲ್ಲಿ ದೌರ್ಜನ್ಯದ ಆಯುಧ, ಪತನದ ಗುರುತು. ಪೊಟ್ಟಣದ ಹಿಂದೆ ಹೋದ ಕಥೆಗೆ ಖಳನಾಯಕ ಸಿಗುತ್ತಾನೆ. ಸೂಜಿಯ ಹಿಂದೆ ಹೋಗಿದ್ದರೆ ಔಷಧದಂಗಡಿಯ ಕೌಂಟರ್, ಜೇಬು ತಡಕುವ ಪೊಲೀಸು, ಮನೆಯಲ್ಲಿ ಕಾಯುವ ಹೆಂಡತಿ ಸಿಗುತ್ತಿದ್ದರು. ಸಿರಿಂಜು ಕೊಳ್ಳಲು ನಮ್ಮಲ್ಲಿ ದೊಡ್ಡ ದುಡ್ಡೇನೂ ಬೇಕಿಲ್ಲ. ಅದನ್ನು ಇಟ್ಟುಕೊಂಡು ಓಡಾಡಲು ಧೈರ್ಯ ಬೇಕು. ಸಿಕ್ಕಿಬಿದ್ದರೆ ಅದೇ ಸಾಕ್ಷಿ ಎಂಬ ಭಯವಿದ್ದವನು ಇನ್ನೊಬ್ಬನ ಸೂಜಿಗೆ ಕೈಯೊಡ್ಡುತ್ತಾನೆ.

ಮಣಿಪುರ ಈ ಪಾಠವನ್ನು ಬಹಳ ಬೆಲೆ ತೆತ್ತು ಕಲಿತಿತು. 1990ರ ಸುಮಾರಿಗೆ ಅಲ್ಲಿ ಚುಚ್ಚಿಕೊಳ್ಳುವವರ ನಡುವೆ ಎಚ್‌ಐವಿ ಕಾಡ್ಗಿಚ್ಚಿನಂತೆ ಹಬ್ಬಿ, ಆ ದಶಕದಲ್ಲಿ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಮುಟ್ಟಿತು. ಸೂಜಿ ವಿನಿಮಯ ಬಂತು, ಬಾಯಲ್ಲಿಟ್ಟುಕೊಳ್ಳುವ ಬದಲಿ ಔಷಧ ಬುಪ್ರೆನಾರ್ಫಿನ್ ಬಂತು. 2010ರ ಹೊತ್ತಿಗೆ ಪ್ರಮಾಣ ಶೇ. 15ಕ್ಕಿಂತ ಕೆಳಗಿಳಿಯಿತು. ಈ ಇಳಿಕೆಯನ್ನು ಪೂರಾ ಗೆಲುವೆಂದು ಓದುವಂತಿಲ್ಲ. ಸತ್ತವರು ಲೆಕ್ಕದಿಂದ ಹೊರಗೆ ಹೋಗುತ್ತಾರೆ, ಆಗಲೂ ಅಂಕಿ ಇಳಿಯುತ್ತದೆ. ಇನ್ನೊಂದು ಮಾತು: ಸೂಜಿ ಬೇರೆ ಮಾಡಿಕೊಂಡವರೂ ಪುಡಿ ಕರಗಿಸುವ ಚಮಚ, ಸೋಸುವ ಹತ್ತಿ, ನೀರನ್ನು ಹಂಚಿಕೊಳ್ಳುತ್ತಲೇ ಇರಬಹುದು. ಹೆಪಟೈಟಿಸ್ ಸಿ ಹರಡಲು ಅಷ್ಟು ಸಾಕು. ‘ಹಂಚಿಕೆ ನಿಂತಿತು’ ಎಂಬ ವಾಕ್ಯ ಹೀಗೆ ಅರ್ಧ ಮಾತ್ರ ನಿಜವಾಗುತ್ತದೆ. ಆ ಉಳಿದ ಅರ್ಧವೇ ಕಥೆಗಾರನ ಜಾಗ.

ಕಾನೂನು ಕೂಡ ಸ್ವಲ್ಪ ಮುಂದೆ ಬಂದಿದೆ. 2017ರ ಎಚ್‌ಐವಿ ಕಾಯ್ದೆ, ಸೋಂಕು ತಡೆಯಲು ಶುದ್ಧ ಸೂಜಿ ಕೊಡುವುದನ್ನು ಅಪರಾಧವೆಂದು ನೋಡಬಾರದು ಎನ್ನುತ್ತದೆ. ನಮ್ಮ ಸಿನಿಮಾಗಳ ಕಣ್ಣು ಇನ್ನೂ ಅಲ್ಲಿಗೆ ಬಂದಿಲ್ಲ. ತೋಳಿಗೆ ಸೂಜಿ ತಾಗಿದ ಕೂಡಲೇ ಹಿನ್ನೆಲೆ ಸಂಗೀತ ತೀರ್ಪು ಕೊಟ್ಟುಬಿಡುತ್ತದೆ.

ನನ್ನ ತಕರಾರು ಇಷ್ಟೇ. ವ್ಯಸನದ ಕಥೆ ಬರೆಯುವವರು ಪಾತ್ರದ ಮನಸ್ಸಿನಾಳಕ್ಕೆ ಇಳಿಯುವ ಮೊದಲು ಅವನ ಕೈಯಲ್ಲಿರುವ ಸಿರಿಂಜು ಎಲ್ಲಿಂದ ಬಂತು, ಮುಂದೆ ಯಾರ ಕೈಗೆ ಹೋಗುತ್ತದೆ ಎಂದು ಕೇಳಿಕೊಳ್ಳಲಿ. ಒಂದೇ ಸಿರಿಂಜಿನ ಕಾಲವನ್ನು ಕಂಡ ನಮ್ಮ ತಾಲೂಕುಗಳ ಓದುಗರಿಗೆ ಆ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಕಾಲದಲ್ಲಿ ತೋಳು ಒಡ್ಡಿದ ನಮ್ಮ ಹಿರಿಯರನ್ನು ನಾವು ರೋಗಿಗಳು ಎಂದೆವು. ಲೀತ್‌ನ, ಇಂಫಾಲದ ಹುಡುಗರನ್ನು ಕೆಟ್ಟವರು ಎಂದೆವು. ಎರಡೂ ಕಡೆ ಕೊರತೆ ಇದ್ದದ್ದು ಸೂಜಿಯದು.